ಬೋರ್ಡಿನ ಮೇಲಿನ ಶುಕ್ರವಾರ

ಮಗಳು ತಾನೇ ಕೂತು ಇಡೀ ವಾರದ ಹವಾಮಾನ ಮುನ್ನೋಟ ಬರೆದಳು ಎಂಬ ಸುದ್ದಿ ಫೋನಿನಲ್ಲಿ ಬಂದ ಕ್ಷಣದಿಂದ ಪೇಂಟರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಿನದ ಅರ್ಧವನ್ನು ಹೇಗೂ ಏಣಿಯ ಮೇಲೆ ಕಳೆಯುವ ಮನುಷ್ಯ, ಆ ಮಾತು ಬೇರೆ. ಆದರೆ ಅವತ್ತು ಏಣಿ ಇಳಿದ ಮೇಲೂ ಅವನು ಮೇಲಿನಿಂದಲೇ ಎಲ್ಲರನ್ನೂ ನೋಡುತ್ತಾ ನಡೆದ.

ಊರಿನ ಅಂಗಡಿ ಬೋರ್ಡುಗಳಲ್ಲಿ ಬಹುಪಾಲು ಅವನ ಕೈಯವೇ. ದಪ್ಪ ಅಕ್ಷರ, ಅದಕ್ಕೊಂದು ನೆರಳು, ನೆರಳಿಗೊಂದು ಅಂಚು. ಔಷಧಿ ಅಂಗಡಿಯಾಗಲಿ ಬೀಗದ ಅಂಗಡಿಯಾಗಲಿ, ಅವನು ಬರೆದರೆ ಬಸ್ಸಿನ ಕಿಟಕಿಯಿಂದಲೂ ಓದಬಹುದು. ಹಾಗಾಗಿ ಬೀದಿಯವರು ಅವನನ್ನು ‘ದಪ್ಪಕ್ಷರ’ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಲ್ಲಿ ಗೇಲಿಯೇನೂ ಕಾಣುತ್ತಿರಲಿಲ್ಲ. ಗೇಲಿ ಇತ್ತು, ಕಾಣುವ ಕಣ್ಣು ಅವನಿಗಿರಲಿಲ್ಲ ಅಷ್ಟೇ.

ಮಗಳು ಊರಾಚೆ ವಿಮಾನ ನಿಲ್ದಾಣದ ಪಕ್ಕದ ಹವಾಮಾನ ಕಚೇರಿ ಸೇರಿ ಸ್ವಲ್ಪ ಕಾಲವಾಗಿತ್ತು. ಇಷ್ಟು ದಿನ ಅವಳ ಕೆಲಸ ಉಷ್ಣಮಾಪಕ ನೋಡುವುದು, ಗಾಳಿಯ ದಿಕ್ಕು ಗುರುತು ಹಾಕುವುದು, ಮಳೆ ಅಳೆಯುವ ಡಬ್ಬಿಯ ನೀರು ಚೆಲ್ಲುವುದು. ವಾರದ ಮುನ್ನೋಟ ಹಿರಿಯರ ಕೆಲಸ, ಅದರಲ್ಲೂ ವಸಂತದ ಮುನ್ನೋಟ. ಆ ಬಯಲು ನಾಡಿನಲ್ಲಿ ಗಾಳಿಗೆ ಅಡ್ಡ ಬರುವ ಒಂದು ದಿಬ್ಬವೂ ಇಲ್ಲ. ದಕ್ಷಿಣದ ಬಿಸಿ ಗಾಳಿ, ಉತ್ತರದ ತಣ್ಣನೆ ಗಾಳಿ ಎರಡೂ ವಸಂತದಲ್ಲೇ ಬಂದು ಎದುರುಬದುರಾಗುತ್ತವೆ. ಬೆಳಿಗ್ಗೆ ನಗುತ್ತಿದ್ದ ಆಕಾಶ ಊಟದ ಹೊತ್ತಿಗೆ ಮುಖ ಊದಿಸಿಕೊಂಡಿರುತ್ತದೆ. ಅಂಥ ವಸಂತವನ್ನು ಕಚೇರಿಯ ಹಿರಿಯಮ್ಮ ಈ ಸಲ ಹುಡುಗಿಯ ಕೈಗೆ ಕೊಟ್ಟು, “ನೋಡೋಣ, ನಿಭಾಯಿಸು” ಅಂದಿದ್ದರು. ನಿಭಾಯಿಸದಿದ್ದರೆ ಮತ್ತೆ ಡಬ್ಬಿಯ ನೀರು ಚೆಲ್ಲುವ ಕೆಲಸವೇ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಓದು ಮಗಳೇ, ನಿಧಾನಕ್ಕೆ ಓದು,” ಎಂದು ಪೇಂಟರ್ ಫೋನು ಕಿವಿಗೊತ್ತಿಕೊಂಡು ಪೆನ್ಸಿಲ್ ಹಿಡಿದ.

ಅವಳು ಓದಿದಳು. ಸೋಮವಾರ, ಮಂಗಳವಾರ ತಿಳಿ ಬಿಸಿಲು. ಬುಧವಾರ ದಕ್ಷಿಣದಿಂದ ಬಿಸಿ ಗಾಳಿ, ಸೆಕೆ. ಗುರುವಾರ ಬಿಸಿಲು, ಸಂಜೆಗೆ ಚೂರುಪಾರು ಮೋಡ. ಶುಕ್ರವಾರ ಬೆಳಿಗ್ಗೆ ತಿಳಿ ಬಿಸಿಲು, ಮಧ್ಯಾಹ್ನದ ಮೇಲೆ ಕೆಲವು ಕಡೆ ಗುಡುಗು, ಬಿರುಗಾಳಿಯೊಂದಿಗೆ ಆಲಿಕಲ್ಲು ಬೀಳುವ ಅಲ್ಪ ಸಾಧ್ಯತೆ. ಪ್ರತಿದಿನದ ತಿದ್ದುಪಡಿಯನ್ನು ಗಮನಿಸಿ.

ಪೇಂಟರ್ ಅವತ್ತೇ ಆಳೆತ್ತರದ ತಗಡು ತಂದ. ನೀಲಿ ಬಳಿದು ಒಣಗಿಸಿ, ಬಿಳಿ ಎನಾಮಲ್ ಪೇಂಟ್ ಕಲಸಿದ. ಬೇರೆಯವರಾದರೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ಮುಗಿಸುತ್ತಿದ್ದರು. ಹವಾಮಾನವನ್ನು ಎನಾಮಲ್ಲಿನಲ್ಲಿ ಬರೆಯುವ ಬುದ್ಧಿ ಇವನಿಗೊಬ್ಬನಿಗೇ ಬರಬೇಕು. ಅವನ ಹೆಂಡತಿ ಅವನಿಗಾಗಿ ಅಕ್ಷರದ ಅಚ್ಚು ಕತ್ತರಿಸಿ ಕೊಡುವವಳು, ಅವನಿಗಿಂತ ಹರಿತವಾದ ಕಣ್ಣಿನವಳು. ಅವಳು ಬೋರ್ಡು ನೋಡಿ, ಪೆನ್ಸಿಲಿನಲ್ಲಿ ಬರೆದುಕೊಂಡ ಚೀಟಿ ನೋಡಿ ಕೇಳಿದಳು:

“ರೀ, ಶುಕ್ರವಾರದ್ದು ಅರ್ಧ ಎಲ್ಲಿ ಹೋಯ್ತು?”

“ಜಾಗ ಸಾಲಲ್ಲ ಕಣೆ. ಅಷ್ಟುದ್ದ ಬರೆದ್ರೆ ಅಕ್ಷರ ಸಣ್ಣ ಮಾಡ್ಬೇಕು. ಸಣ್ಣ ಮಾಡಿದ್ರೆ ಬಸ್ಸಿಂದ ಕಾಣಲ್ಲ.”

“ಕೆಳಗೆ ‘ಹೇಳಿದವಳು ನನ್ನ ಮಗಳು’ ಅಂತ ಮೊಳದುದ್ದ ಬರೆಯೋಕೆ ಮಾತ್ರ ಜಾಗ ಇತ್ತಲ್ಲ!”

ಪೇಂಟರ್ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ. ಆ ಸಾಲನ್ನು ಅವನು ಹಳದಿಯಲ್ಲಿ, ಕೆಂಪು ನೆರಳು ಕೊಟ್ಟು ಬರೆದಿದ್ದ.

ಬೋರ್ಡು ಬಸ್ ನಿಲ್ಲುವ ಕೂಡುರಸ್ತೆಯಲ್ಲಿ, ನರ್ಸರಿಯ ಗೋಡೆಯ ಮೇಲೆ ಏರಿತು. ನರ್ಸರಿ ನಡೆಸುವಾಕೆಯನ್ನು ಎಲ್ಲರೂ ಸಸಿ ಅಕ್ಕ ಎನ್ನುತ್ತಿದ್ದರು. ಟೊಮೆಟೊ, ಬದನೆ, ಮೆಣಸು, ಹೂವಿನ ಸಸಿಗಳನ್ನು ಚಳಿಗಾಲವೆಲ್ಲ ಗಾಜಿನ ಮಾಡಿನಡಿ ಸಾಕಿ, ವಸಂತದಲ್ಲಿ ಹೊರಗೆ ತಂದು ಬಿಸಿಲಿಗೆ ಒಗ್ಗಿಸಿ, ಶನಿವಾರ ಬರುವ ರೈತರಿಗೆ ಮಾರುವುದು ಅವಳ ಬದುಕು. ಬಾಯಿ ಜೋರು, ಮನಸ್ಸು ಮೆದು. ಆದರೆ ಆ ಮನಸ್ಸನ್ನು ತಲುಪಬೇಕಾದರೆ ಬಾಯಿ ದಾಟಿಯೇ ಹೋಗಬೇಕು.

ಸೋಮವಾರ ಬಿಸಿಲು ಬಂತು. ಮಂಗಳವಾರವೂ ಬಂತು. ಪೇಂಟರ್ ಎದುರಿನ ಸೈಕಲ್ ಶಾಪಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ಸೂರ್ಯ ಸರಿಯಾದ ಜಾಗದಲ್ಲಿದ್ದಾನೋ ಇಲ್ಲವೋ ಎಂದು ಪರೀಕ್ಷಿಸುವವನಂತೆ ಮೇಲೆ ನೋಡಿದ.

“ಹೇಳಿದ್ಲೋ ಇಲ್ವೋ?”

“ಹೇಳಿದ್ಲು ಬಿಡಿ,” ಎಂದ ಸೈಕಲ್ ಶಾಪಿನವನು, ಪಂಕ್ಚರ್ ಹುಡುಕುತ್ತಾ. “ವಸಂತದಲ್ಲಿ ಬಿಸಿಲು ಬರುತ್ತೆ ಅಂತ ನಮ್ಮ ಅಜ್ಜೀನೂ ಹೇಳ್ತಿದ್ಲು. ಅವಳಿಗೆ ಯಾರೂ ಬೋರ್ಡ್ ಬರೆದುಕೊಡಲಿಲ್ಲ.”

ಬುಧವಾರ ಮಾತ್ರ ಅವನ ಬಾಯಿಯೂ ಕಟ್ಟಿತು. ಬೋರ್ಡಿನಲ್ಲಿದ್ದಂತೆಯೇ ದಕ್ಷಿಣದಿಂದ ಬಿಸಿ ಗಾಳಿ ಬೀಸಿ, ಜನ ಸ್ವೆಟರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಬಸ್ಸಿನಿಂದ ಇಳಿದವರು ಬೋರ್ಡು ಓದಿ ತಲೆದೂಗಿದರು. ಪೇಂಟರನ ಎದೆ ಉಬ್ಬಿತು. ಯಾರಾದರೂ ಬೋರ್ಡು ಓದದೆ ಹೋದರೆ, ಪೇಂಟ್ ಒಣಗಿದೆಯೋ ಎಂದು ಮುಟ್ಟಿ ನೋಡುವ ನೆಪದಲ್ಲಿ ಅಡ್ಡ ಹೋಗಿ ನಿಲ್ಲುತ್ತಿದ್ದ.

“ಏ ಪೇಂಟರಪ್ಪ,” ಎಂದು ಸಸಿ ಅಕ್ಕ ಗೇಟಿನಿಂದ ಕೂಗಿದಳು, “ಶುಕ್ರವಾರ ನಂಬಬಹುದಾ? ಎಲ್ಲಾ ಸಸೀನೂ ಹೊರಗೆ ಹಾಕ್ತೀನಿ.”

“ಓದೋಕೆ ಬರಲ್ವಾ ಅಕ್ಕ? ತಿಳಿ ಬಿಸಿಲು. ಹೇಳಿದ್ದು ಯಾರು ಅಂತ ಕೆಳಗಿದೆ ನೋಡು.”

ಗುರುವಾರದ ಹೊತ್ತಿಗೆ ಗಾಜಿನ ಮಾಡು ಬರಿದಾಗಿ, ಹೊರಗಿನ ಅಂಗಳ ಪೂರ್ತಿ ಹಸಿರು ಟ್ರೇಗಳಿಂದ ತುಂಬಿಹೋಗಿತ್ತು.

ವಾರವಿಡೀ ಕಚೇರಿಯ ವಸತಿಯಲ್ಲೇ ಉಳಿದಿದ್ದ ಮಗಳು ಬಟ್ಟೆ ತೆಗೆದುಕೊಂಡು ಹೋಗಲು ಗುರುವಾರ ಮಧ್ಯಾಹ್ನ ಬಂದಳು. ಪೇಂಟರ್ ತಲೆ ಬಾಚಿ, ಕೈಯ ಪೇಂಟ್ ಉಜ್ಜಿ ತೊಳೆದುಕೊಂಡು ಬೋರ್ಡಿನ ಕೆಳಗೇ ಕಾದಿದ್ದ. ಅವಳು ಬಸ್ಸಿಳಿದು ತಲೆಯೆತ್ತಿದಳು. ಮೊದಲು ಅವಳ ಮುಖ ಅರಳಿತು, ಅಷ್ಟನ್ನು ಅವನು ಕಣ್ಣಾರೆ ಕಂಡ. ಅವಳು ಮೇಲಿನಿಂದ ಕೆಳಕ್ಕೆ ಓದುತ್ತಾ ಬಂದು ಒಂದು ಕಡೆ ನಿಂತುಬಿಟ್ಟಳು.

“ಅಪ್ಪಾ, ಆಲಿಕಲ್ಲು ಎಲ್ಲಿ?”

“ಯಾವ ಆಲಿಕಲ್ಲು?”

“ನಾನು ಓದಿ ಹೇಳಿದ್ನಲ್ಲ, ಶುಕ್ರವಾರದ್ದು.”

“ಓ, ಅದಾ? ಅಲ್ಪ ಅಂದ್ಯಲ್ಲ ನೀನೇ. ಅಲ್ಪಕ್ಕೆಲ್ಲ ಬೋರ್ಡಲ್ಲಿ ಜಾಗ ಕೊಡೋಕಾಗುತ್ತಾ?”

ಅವಳು ಗೋಡೆಯ ಆಚೆ ಇಣುಕಿದಳು. ಸಸಿ ಅಕ್ಕ ಹಾಡು ಗುನುಗುತ್ತಾ ನೀರು ಹಾಕುತ್ತಿದ್ದಳು. ಮಗಳು ಅಪ್ಪನ ತೋಳು ಹಿಡಿದು ಮನೆಗೆ ಎಳೆದುಕೊಂಡೇ ಹೋದಳು.

ಮನೆಯ ಮುಂದಿನ ಕೋಣೆಯಲ್ಲಿ ಡಬ್ಬಿಗಳು, ಬ್ರಷ್ಷುಗಳು, ಅರ್ಧ ಬರೆದ ಬೋರ್ಡುಗಳ ನಡುವೆ ಜಗಳ ನಡೆಯಿತು. ಮಗಳು ಕೂಗಾಡುವವಳಲ್ಲ. ಕೂಗಾಡಿದ್ದರೆ ಪೇಂಟರಿಗೂ ಕೂಗಲು ಅನುಕೂಲವಾಗುತ್ತಿತ್ತು.

“ಅಪ್ಪಾ, ನಾನು ಓದಿ ಹೇಳಿದ ದಿನ ಅದು ಅಲ್ಪ. ಇವತ್ತು ಬೆಳಿಗ್ಗೆ ಲೆಕ್ಕ ಹಾಕಿದ್ರೆ ಅಲ್ಪ ಅಲ್ಲ, ಜಾಸ್ತಿ ಆಗಿದೆ. ನಾನೇ ತಿದ್ದಿ ರೇಡಿಯೋಗೆ ಕಳಿಸಿದ್ದೀನಿ. ಆದ್ರೆ ಈ ಬೀದೀಲಿ ರೇಡಿಯೋ ಯಾರು ಕೇಳ್ತಾರೆ? ಎಲ್ಲಾರೂ ನಿಮ್ಮ ಬೋರ್ಡ್ ನೋಡ್ತಾರೆ. ನಾನು ಬಾಯಲ್ಲಿ ಹೇಳಿದ್ರೂ ‘ಬೋರ್ಡಲ್ಲಿ ಹಂಗಿಲ್ವಲ್ಲ’ ಅಂತಾರೆ.”

“ಅದು ನನ್ನ ತಪ್ಪಾ?”

“ಅದು ನಿಮ್ಮ ಹೆಚ್ಚುಗಾರಿಕೆ. ತಪ್ಪು ಅರ್ಧ ಸಾಲು ನುಂಗಿದ್ದು. ನಾಳೆ ಆ ಸಸಿಗಳು ಚಿಂದಿಯಾದ್ರೆ ‘ದಪ್ಪಕ್ಷರ ಬಿಟ್ಟುಬಿಟ್ಟ’ ಅಂತಾರಾ? ‘ಅವನ ಮಗಳು ಹೇಳಿದ್ಲು’ ಅಂತಾರೆ. ಇದು ನನ್ನ ಮೊದಲನೇ ವಾರ ಅಪ್ಪಾ. ಒಂದ್ಸಲ ನನ್ನ ಮಾತು ಸುಳ್ಳು ಅಂತ ಊರಿಗೆ ಅನ್ನಿಸಿಬಿಟ್ರೆ, ಆಮೇಲೆ ನಾನು ನಿಜ ಹೇಳಿದ್ರೂ ಯಾರು ಟ್ರೇ ಎತ್ತಿ ಒಳಗಿಡ್ತಾರೆ?”

“ಹಂಗಾದ್ರೆ ಬೋರ್ಡ್ ತಿದ್ದಿ, ಅಷ್ಟೇ ತಾನೇ,” ಎಂದಳು ಹೆಂಡತಿ, ಅಚ್ಚು ಕತ್ತರಿಸುವುದನ್ನು ನಿಲ್ಲಿಸದೆ.

ಅಲ್ಲೇ ಇದ್ದದ್ದು ತೊಡಕು. ಪೇಂಟರನ ಕಸುಬಿಗೊಂದು ನೇಮವಿತ್ತು. ಬರೆದ ಅಕ್ಷರವನ್ನು ಬೀದಿಯಲ್ಲಿ, ಜನರ ಕಣ್ಣೆದುರು ತಿದ್ದಬಾರದು. ತಪ್ಪಿದರೆ ಇಳಿಸಿ ಮನೆಗೆ ತಂದು, ಬಾಗಿಲು ಹಾಕಿಕೊಂಡು ಪೂರ್ತಿ ಹೊಸದಾಗಿ ಬರೆಯಬೇಕು. ಬೀದಿಯಲ್ಲಿ ತಿದ್ದುವ ಪೇಂಟರನ್ನು ಮಾರನೆಯ ದಿನ ಯಾರೂ ಕರೆಯುವುದಿಲ್ಲ. ಅವನ ಗುರು ಕಲಿಸಿದ್ದು ಹಾಗೆ, ಅವನು ಬಾಳಿದ್ದೂ ಹಾಗೆ.

“ಮಾತಾಡಿದ್ಮೇಲೆ ಮುಗೀತು,” ಎಂದ ಅವನು. “ಒಂದು ದಿನ ಒಂದು ಹೇಳಿ, ಇನ್ನೊಂದು ದಿನ ಇನ್ನೊಂದು ಹೇಳಿದ್ರೆ ಜನ ಏನಂತಾರೆ? ನನ್ನ ಮಗಳಿಗೆ ಗೊತ್ತಿಲ್ಲ ಅಂತಾರೆ.”

“ನನ್ನ ಕೆಲಸವೇ ತಿದ್ದೋದು ಅಪ್ಪಾ. ದಿನಾ ತಿದ್ದದೇ ಇದ್ರೆ ನನಗೆ ಸಂಬಳ ಯಾಕೆ ಕೊಡ್ಬೇಕು?”

ಹೆಂಡತಿ ಈಗ ಕತ್ತರಿ ಕೆಳಗಿಟ್ಟಳು. “ಜಾಗ ಸಾಲಲಿಲ್ಲ ಅನ್ನೋದು ಬರೀ ನೆಪ ಕಣ್ರೀ. ನಿಮ್ಮ ಮಗಳ ಬಾಯಲ್ಲಿ ‘ಇರಬಹುದು’ ಅನ್ನೋ ಮಾತು ಬಂದಿದ್ದು ನಿಮಗೆ ಸಹಿಸೋಕಾಗಲಿಲ್ಲ. ಅವಳು ದೇವರ ಥರಾ ಹೇಳ್ಬೇಕಿತ್ತು ನಿಮಗೆ.”

ಮಾತು ನೇರವಾಗಿ ಎದೆಗೆ ತಾಗಿತು. ಪೇಂಟರ್ ಗೋಡೆಯ ಕಡೆ ತಿರುಗಿ, ಒಣಗಿದ ಬ್ರಷ್ಷೊಂದನ್ನು ಹಿಂಡುತ್ತಾ ನಿಂತ. ಮಗಳು ಬಟ್ಟೆಯ ಚೀಲ ಹೆಗಲಿಗೇರಿಸಿಕೊಂಡಳು. ಸಂಜೆಯ ಬಸ್ಸಿಗೆ ಅವಳು ವಾಪಸು ಹೋಗಲೇಬೇಕಿತ್ತು. ಬಾಗಿಲಲ್ಲಿ ನಿಂತು, ಬೇಸರವನ್ನು ಒಂಚೂರೂ ಮರೆಮಾಚದೆ ಹೇಳಿದಳು:

“ಶುಕ್ರವಾರ ತಿದ್ದೋಕೆ ಆಗದೇ ಇದ್ರೆ ಬಿಡಿ. ಕೊನೇ ಸಾಲನ್ನಾದ್ರೂ ಅಳಿಸಿಬಿಡಿ. ‘ನನ್ನ ಮಗಳು’ ಅನ್ನೋದನ್ನ.”

ಅವಳು ಹೋದ ಮೇಲೆ ಅವನಿಗೆ ಊಟ ಸೇರಲಿಲ್ಲ. ಬೆಳಗಿನ ಜಾವವೇ ಎದ್ದು ಬೋರ್ಡು ಇಳಿಸಿ ತಂದುಬಿಟ್ಟರೆ ಹೇಗೆ ಎಂದು ಒಂದು ಉಪಾಯ ಹೂಡಿದ. ಗಾಳಿಗೆ ಬಿತ್ತು ಎಂದರಾಯಿತು.

“ತಗಡು ಇಳಿಸಿದ್ರೆ ಸಸಿ ಒಳಗೆ ಹೋಗುತ್ತಾ?” ಎಂದಳು ಹೆಂಡತಿ. “ಓದಿದ್ದು ಸಸಿ ಅಕ್ಕನ ತಲೇಲಿದೆ. ಅಲ್ಲಿಗೆ ನಿಮ್ಮ ಏಣಿ ಎಟುಕಲ್ಲ.”

ಶುಕ್ರವಾರ ಬೆಳಿಗ್ಗೆ ಅವನು ಏಣಿ, ಪೇಂಟ್ ಅಳಿಸುವ ಟರ್ಪೆಂಟೈನ್, ಬಟ್ಟೆ ಚೂರು, ಡಬ್ಬಿಗಳನ್ನು ಹೊತ್ತು ಕೂಡುರಸ್ತೆಗೆ ಹೋದ. ಹೆಂಡತಿಯೂ ಜೊತೆಗೆ ಬಂದಳು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಹುಡುಕಿದರೂ ಒಂದು ಮೋಡವಿಲ್ಲ. ಇಂಥ ದಿನ ಆಲಿಕಲ್ಲು ಅಂದರೆ ಜನ ಬಿದ್ದು ಬಿದ್ದು ನಗುತ್ತಾರೆ. ಮಧ್ಯಾಹ್ನ ಏನೂ ಬರದಿದ್ದರಂತೂ ಅವನ ಅಕ್ಷರದ ಮಾನವೂ ಹೋಯಿತು, ಮಗಳ ಮಾನವೂ ಹೋಯಿತು. ಏನೂ ಮಾಡದೆ ಸುಮ್ಮನಿದ್ದರೆ ಒಂದೋ ಆಲಿಕಲ್ಲು ಬರದೆ ಎರಡೂ ಮಾನ ಉಳಿಯುತ್ತವೆ, ಇಲ್ಲವೇ ಅದು ಬಂದು ಮಗಳದ್ದು ಮಾತ್ರ ಹೋಗುತ್ತದೆ. ಈ ಲೆಕ್ಕ ಹಾಕಿದ್ದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಏಣಿ ಹತ್ತಿ, ಬಟ್ಟೆಗೆ ಟರ್ಪೆಂಟೈನ್ ಸುರಿದುಕೊಂಡು, ಮೊದಲು ಕೊನೆಯ ಸಾಲಿನ ಮುಂದೆ ನಿಂತ. ಹಳದಿ ಅಕ್ಷರ, ಕೆಂಪು ನೆರಳು. ಬದುಕಿನಲ್ಲಿ ಅಷ್ಟು ಚೆಂದದ ಸಾಲನ್ನು ಅವನು ಬರೆದಿರಲಿಲ್ಲ. ಕೈ ಮೇಲೇಳಲಿಲ್ಲ. ಮಗಳು ತಾನಾಗಿಯೇ ಅಳಿಸು ಅನ್ನುವ ಹಾಗೆ ಮಾಡಿಬಿಟ್ಟೆನಲ್ಲ ಎಂದು ಕಣ್ಣು ಮಂಜಾಯಿತು.

ಅವನು ಬಟ್ಟೆಯನ್ನು ಕೆಳಗೆಸೆದ.

“ಕೆಂಪು ಕೊಡೇ,” ಎಂದ. ಹೆಂಡತಿ ಡಬ್ಬಿ ಮೇಲಕ್ಕೆತ್ತಿ ಹಿಡಿದಳು.

ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದಂತೆ ಅವನು ಶುಕ್ರವಾರದ ತಿಳಿ ಬಿಸಿಲಿನ ಮೇಲೆ ಕೆಂಪು ಗೀಟು ಎಳೆದ. ಸೈಕಲ್ ಶಾಪಿನವನು ಕೈಯಲ್ಲಿದ್ದ ಟ್ಯೂಬನ್ನು ಹಾಗೇ ಬಿಟ್ಟು ಎದ್ದು ಬಂದ. ಅಳತೆಯಿಲ್ಲ, ಪೆನ್ಸಿಲ್ ಗೆರೆಯಿಲ್ಲ, ಅಚ್ಚಿಲ್ಲ. ದಪ್ಪಕ್ಷರದವನು ಸಣ್ಣ ಅಕ್ಷರದಲ್ಲಿ, ಸೊಟ್ಟಸೊಟ್ಟಗೆ, ಅಂಚಿನವರೆಗೂ ಒತ್ತೊತ್ತಾಗಿ ಬರೆದ: ಇವತ್ತು ಮಧ್ಯಾಹ್ನದ ಮೇಲೆ ಬಿರುಗಾಳಿ, ಆಲಿಕಲ್ಲು ಬರುವ ಸಾಧ್ಯತೆ ಹೆಚ್ಚು. ಮಗಳು ಮೊದಲೇ ಹೇಳಿದ್ದಳು. ಬಿಟ್ಟವನು ಪೇಂಟರ್.

ಬರೆದು ಮುಗಿಸಿ ಏಣಿಯ ಮೇಲಿಂದಲೇ ತಿರುಗಿದ. “ಎಲ್ಲಾರೂ ಕೇಳ್ರಪ್ಪ! ಅವಳು ಮೊದಲೇ ಆಲಿಕಲ್ಲು ಬೀಳಬಹುದು ಅಂದಿದ್ಲು. ಅದನ್ನ ನಾನು ಬರೀಲಿಲ್ಲ. ಜಂಭಕ್ಕೆ ಬಿಟ್ಟೆ. ನಿನ್ನೆಯಿಂದ ಅದು ಜಾಸ್ತಿ ಆಗಿದೆಯಂತೆ. ಸಸಿ ಅಕ್ಕ, ಒಳಗೆ ಹಾಕು.”

ಸಸಿ ಅಕ್ಕನ ಬಾಯಿ ತೆರೆಯಿತು.

“ನಿನ್ನ ಬ್ರಷ್ಷಿಗೆ ಬೆಂಕಿ ಬೀಳ! ಬೆನ್ನು ಮುರಿದುಕೊಂಡು ಅಷ್ಟೂ ಹೊರಗೆ ತಂದಿದ್ದೀನಿ. ಈಗ ಯಾರು ಒಳಗೆ ಹೊರ್ತಾರೆ, ನಿಮ್ಮ ತಾತನಾ?”

“ನಾನು ಹೊರ್ತೀನಿ ಅಕ್ಕ. ನೀನು ಬೈತಾ ಇರು, ನಾನು ಹೊರ್ತಾ ಇರ್ತೀನಿ.”

ಹಾಗೇ ಆಯಿತು. ಅವನು ಹೊತ್ತ, ಅವಳು ಬೈದಳು. ಒಂದೊಂದೇ ಟ್ರೇ ಹೊತ್ತರೆ ಸಂಜೆಯಾಗುತ್ತದೆ ಎಂದು ಹೆಂಡತಿ ಏಣಿಯನ್ನು ಮಲಗಿಸಿ, ಮೇಲೆ ಹಲಗೆ ಹಾಸಿದಳು. ಟ್ರೇಗಳನ್ನು ಅದರ ಮೇಲೆ ಸಾಲಾಗಿ ಜೋಡಿಸಿ ಗಂಡ ಹೆಂಡತಿ ಮುಂದೊಬ್ಬರು ಹಿಂದೊಬ್ಬರು ಹಿಡಿದರು. ಸ್ವಲ್ಪ ಹೊತ್ತು ತಮಾಷೆ ನೋಡಿದ ಸೈಕಲ್ ಶಾಪಿನವನು, “ಅಯ್ಯೋ, ವಯಸ್ಸಾದ ಕಾಲಕ್ಕೆ ಸೊಂಟ ಹಿಡ್ಕೊಂಡ್ರೆ ಬೋರ್ಡ್ ಬರೆಯೋರು ಯಾರು?” ಎಂದು ಗೊಣಗುತ್ತಾ ತಾನೂ ಕೈ ಹಾಕಿದ. ಊಟದ ಹೊತ್ತಿಗೆ ಅಂಗಳ ಖಾಲಿಯಾಯಿತು. ಪೇಂಟರನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಮಧ್ಯಾಹ್ನ ಕಳೆದ ಮೇಲೆ ಪಡುವಣ ದಿಕ್ಕು ಕಪ್ಪಾಯಿತು. ಗಾಳಿ ಒಮ್ಮೆಲೇ ಎದ್ದು ಬೀದಿಯ ಧೂಳನ್ನೆಲ್ಲ ಎತ್ತಿ ಜನರ ಮುಖಕ್ಕೆ ರಾಚಿತು. ಬೋರ್ಡಿನ ತಗಡು ಬಡಬಡ ಎಂದಿತು. ಗುಡುಗು ಉರುಳಿತು. ಎಲ್ಲರೂ ಸೈಕಲ್ ಶಾಪಿನ ಮಾಡಿನಡಿ ಸೇರಿ ಮೇಲೆ ನೋಡುತ್ತಾ ನಿಂತರು. ಪೇಂಟರ್ ಬದುಕಿನಲ್ಲಿ ಮೊದಲ ಸಲ ಆಲಿಕಲ್ಲು ಬರಲಿ ಎಂದು ಬೇಡಿಕೊಂಡ. ನಾಲ್ಕು ದಪ್ಪ ಹನಿ ಬಿದ್ದವು. ಕಪ್ಪು ಮೋಡ ಊರಿನ ಅಂಚು ಸವರಿಕೊಂಡು ಉತ್ತರಕ್ಕೆ ಸರಿದುಹೋಯಿತು. ಮತ್ತೆ ಬಿಸಿಲು ಬಂತು, ಏನೂ ಆಗಿಯೇ ಇಲ್ಲವೆಂಬಂತೆ.

“ಏನ್ ಪೇಂಟರೇ,” ಎಂದ ಸೈಕಲ್ ಶಾಪಿನವನು, ಅಂಗೈ ಒಡ್ಡಿ, “ಆಲಿಕಲ್ಲು ಬರೀ ಬೋರ್ಡಲ್ಲೇನಾ?”

ಎಲ್ಲರೂ ನಕ್ಕರು. ಸೋಮವಾರದ ಪೇಂಟರ್ ಆಗಿದ್ದರೆ ಅಂಗಿಯ ತೋಳು ಮಡಚುತ್ತಿದ್ದ. ಈಗ ಅವನಿಗೆ ನಾಚಿಕೆಯಂತೂ ಆಯಿತು, ಆದರೆ ಸಿಟ್ಟು ಬರಲಿಲ್ಲ.

“ಬರಬಹುದು ಅಂದಿದ್ಲು,” ಎಂದ. “ಬರಬಹುದಿತ್ತು. ಮೋಡ ನೀವೂ ನೋಡಿದ್ರಲ್ಲ.”

“ಹೋಗ್ಲಿ ಬಿಡು, ನನ್ನ ಸಸಿಗೆ ಒಂದು ಸವಾರಿ ಆಯ್ತು,” ಎಂದು ಸಸಿ ಅಕ್ಕ ಮೂಗು ಮುರಿದಳು.

ಸಂಜೆಯ ಬಸ್ಸು ಬಂದಾಗ ಆ ನಗು ನಿಂತಿತು. ಬಸ್ಸಿನ ಮುಂದಿನ ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತ್ತು. ಮೈತುಂಬ ಹರಿದ ಎಲೆ ಮೆತ್ತಿಕೊಂಡಿತ್ತು. ಡ್ರೈವರ್ ಇಳಿದವನೇ ಕೈಯಲ್ಲಿ ನಿಂಬೆಹಣ್ಣಿನ ಗಾತ್ರ ತೋರಿಸಿದ.

“ವಿಮಾನ ನಿಲ್ದಾಣದ ಹತ್ರ ಹಿಡೀತು ನೋಡಿ! ತಗಡಿನ ಮೇಲೆ ಕಲ್ಲು ಸುರಿದಂಗೆ. ಅಲ್ಲಿ ತೋಟಗಳೆಲ್ಲ ನೆಲಸಮ. ಇಲ್ಲಿಗೆ ಬರಲಿಲ್ವಾ? ಪುಣ್ಯ ಮಾಡಿದ್ದೀರಿ.”

ಸಸಿ ಅಕ್ಕ ಗಾಜನ್ನು ನೋಡಿದಳು. ಬೆರಳಿನಿಂದ ಬಿರುಕು ಮುಟ್ಟಿದಳು.

ಎಲ್ಲರ ಹಿಂದೆ, ವಾರದ ಕೆಲಸ ಮುಗಿಸಿದ ಮಗಳು ಇಳಿದಳು. ಕೂದಲು ಇನ್ನೂ ಒದ್ದೆ. ಅವಳು ಬೋರ್ಡು ನೋಡಿದಳು. ಕೆಂಪು ಗೀಟು, ಸೊಟ್ಟ ಅಕ್ಷರ, ಅದರ ಕೆಳಗೆ ಹಾಗೇ ಉಳಿದಿದ್ದ ಹಳದಿ ಸಾಲು. ಜನರೆದುರು ಅಪ್ಪ ಬೀದಿಯಲ್ಲಿ ಅಕ್ಷರ ತಿದ್ದಿದ್ದಾನೆ ಎಂಬುದರ ಬೆಲೆ ಆ ಮನೆಯಲ್ಲಿ ಹುಟ್ಟಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಸಾಲು ಸ್ವಲ್ಪ ಕೆಳಗೆ ಇಳಿದಿದೆ ಅಪ್ಪಾ,” ಎಂದಳು.

“ಅವಸರದಲ್ಲಿ ಬರೆದೆ. ಹಳದಿ ಸಾಲು ಅಳಿಸೋಕೆ ಮನಸ್ಸಾಗಲಿಲ್ಲ.”

“ಇರಲಿ.”

“ಏ ಹುಡುಗಿ,” ಎಂದಳು ಸಸಿ ಅಕ್ಕ, ಗಾಜಿನಿಂದ ಬೆರಳು ತೆಗೆದು. “ನಾಳೆ ಹೆಂಗೆ? ರೈತರು ಬರ್ತಾರೆ, ನಾನು ಎಲ್ಲಾ ಹೊರಗೆ ಜೋಡಿಸ್ಬೇಕು.”

ಕೂಡುರಸ್ತೆಯೇ ಕಿವಿಗೊಟ್ಟಿತು. ಮಗಳು ಒದ್ದೆ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. “ಬೆಳಿಗ್ಗೆ ಒಳ್ಳೇ ಬಿಸಿಲು ಇರುತ್ತೆ. ಮಧ್ಯಾಹ್ನದ ಮೇಲೆ ಸ್ವಲ್ಪ ಅನುಮಾನ.”

“ಅನುಮಾನ ಅಂದ್ರೆ? ಬರುತ್ತೋ ಬರಲ್ವೋ?” ಎಂದು ಸಸಿ ಅಕ್ಕ ಪೇಂಟರನ ಕಡೆ ತಿರುಗಿದಳು.

ಬರಲ್ಲ ಅಕ್ಕ, ಧೈರ್ಯವಾಗಿರು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಮಗಳು ಅವನನ್ನೇ ನೋಡುತ್ತಿದ್ದಳು. ಅವನು ನಾಲಿಗೆ ಕಚ್ಚಿಕೊಂಡ.

“ಅನುಮಾನ ಅಂದ್ಲಲ್ಲ,” ಎಂದ. “ಅಷ್ಟೇ.”

ಸಸಿ ಅಕ್ಕ ಸೊಂಟಕ್ಕೆ ಕೈಯಿಟ್ಟು ಯೋಚಿಸಿದಳು. ಬಸ್ಸಿನ ಗಾಜನ್ನು ಇನ್ನೊಮ್ಮೆ ನೋಡಿದಳು. “ಸರಿ,” ಎಂದಳು. “ಬಲಿತವು ಹೊರಗಿರಲಿ, ಎಳೇವು ಒಳಗಿರಲಿ. ಬನ್ರಪ್ಪ, ಯಾರ್ಯಾರ ಸೊಂಟ ಇನ್ನೂ ನೆಟ್ಟಗಿದೆ?”

ಸೈಕಲ್ ಶಾಪಿನವನು ಗೊಣಗಿದ, ಆದರೆ ಬಂದ. ಬಸ್ಸಿಳಿದವರಲ್ಲಿ ಒಂದಿಬ್ಬರೂ ಬಂದರು. ಪೇಂಟರ್ ಒಳಗೂ ಹೊರಗೂ ಟ್ರೇ ಹೊರುತ್ತಾ ಇದನ್ನೆಲ್ಲ ನೋಡಿದ. ಯಾರೂ ಮಗಳನ್ನು ಹೊಗಳಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಅವಳು ಅನುಮಾನ ಅಂದಳು, ಇಡೀ ಬೀದಿ ಅದಕ್ಕೆ ತಕ್ಕಂತೆ ತನ್ನ ನಾಳೆಯನ್ನು ಜೋಡಿಸಿಕೊಳ್ಳುತ್ತಿತ್ತು. ಸೋಮವಾರ ಎದೆ ಉಬ್ಬಿಸಿಕೊಂಡು ತಿರುಗಿದ್ದೆಲ್ಲ ಇದರ ಮುಂದೆ ಏನೂ ಅಲ್ಲ ಎಂದು ಅವನಿಗೆ ಗೊತ್ತಾಯಿತು. ಈ ಹೆಮ್ಮೆಯನ್ನು ಯಾರಿಗೂ ಹೇಳಿಕೊಳ್ಳಬೇಕೆನ್ನಿಸಲಿಲ್ಲ.

ಕೊನೆಗೆ, ಬಲಿತವುಗಳ ಜೊತೆ ತಪ್ಪಿ ಹೊರಗೆ ಬಂದಿದ್ದ ಎಳೆಯ ಬದನೆ ಸಸಿಗಳ ಒಂದು ಟ್ರೇ ಉಳಿಯಿತು. ಅದನ್ನು ಮತ್ತೆ ಒಳಗೆ ಹೊರಲು ಸೊಂಟ ಒಪ್ಪಲಿಲ್ಲ. ಪೇಂಟರ್ ಸಂಜೆಯ ತಿಳಿ ಆಕಾಶ ನೋಡಿ, “ಅಕ್ಕ, ಇದೊಂದನ್ನ ಹೊರಗೇ ಬಿಡ್ಲಾ? ಆಕಾಶ ಚೆನ್ನಾಗೇ ಇದೆಯಲ್ಲ,” ಎಂದ.

“ನಿನ್ನ ಆಕಾಶ ಯಾರಿಗೆ ಬೇಕಯ್ಯ?” ಎಂದು ಸಸಿ ಅಕ್ಕ ಗದರಿದಳು. “ನಿನ್ನ ಮಗಳು ಅನುಮಾನ ಅಂದಿದ್ದು ಕೇಳಿಸಲಿಲ್ವಾ? ಒಳಗಿಡು.”